ಟೋಕನ್ ಷೇರುಗಳನ್ನು ಎಕ್ಸ್‌ಚೇಂಜ್‌ನಿಂದ ಸ್ವಂತ ವಾಲೆಟ್‌ಗೆ ತರುವಾಗ ಏನೇನು ನೋಡಿಕೊಳ್ಳಬೇಕು?

ಮಿಂಚುಳ್ಳಿ

ಎಕ್ಸ್‌ಚೇಂಜ್ ಖಾತೆಯಲ್ಲಿ ಎಕ್ಸ್‌ಸ್ಟಾಕ್ಸ್ ಬಗೆಯ ಟೋಕನ್‌ಗಳಿವೆ, ಅಂದರೆ ಷೇರಿನ ಬೆಲೆಯನ್ನು ಹಿಂಬಾಲಿಸುವ, ಬ್ಲಾಕ್‌ಚೈನ್ ಮೇಲಿನ ಟೋಕನ್‌ಗಳು. ಟೆಸ್ಲಾ 6.4, ಎಸ್ ಆ್ಯಂಡ್ ಪಿ 500 ಇಟಿಎಫ್‌ನದು 3. ವರ್ಷಗಟ್ಟಲೆ ಮುಟ್ಟದೆ ಇಡುವ ಯೋಚನೆ, ಅದಕ್ಕೇ ಎಕ್ಸ್‌ಚೇಂಜ್‌ನಲ್ಲಿ ಬಿಡದೆ ಹಾರ್ಡ್‌ವೇರ್ ವಾಲೆಟ್‌ಗೆ (ಗುಪ್ತ ಕೀಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ) ತರಬೇಕು ಅಂತ. ಹಾರ್ಡ್‌ವೇರ್ ವಾಲೆಟ್ ಫ್ಯಾಂಟಮ್ ಎಂಬ ವಾಲೆಟ್ ಆ್ಯಪ್‌ಗೆ ಜೋಡಿಸಿದೆ.

ಗೊಂದಲ ಇರುವುದು ಇಲ್ಲಿ. ವಿತ್‌ಡ್ರಾ ಪುಟದಲ್ಲಿ ಸೊಲಾನಾ, ಎಥೀರಿಯಂ ಎಂಬ ಎರಡು ಬ್ಲಾಕ್‌ಚೈನ್ ನೆಟ್‌ವರ್ಕ್‌ಗಳೂ ಕಾಣಿಸುತ್ತಿವೆ; ಯಾವುದನ್ನು ಆರಿಸಬೇಕು? ಮೊದಲು ಎಷ್ಟು ಕಳಿಸಿ ಪರೀಕ್ಷಿಸಬೇಕು? ವಾಲೆಟ್‌ನಲ್ಲಿ ಸೋಲ್ (ಸೊಲಾನಾದ ಶುಲ್ಕ ಕಟ್ಟುವ ನಾಣ್ಯ) ಒಂದಿಷ್ಟೂ ಇಲ್ಲ, ಆದರೂ ಟೋಕನ್ ಬರುತ್ತದೆಯೇ? ಕೀ ನನ್ನ ಕೈಗೆ ಬಂದ ಮೇಲೆ ಷೇರು ಪೂರ್ತಿ ನನ್ನದು ಅಂತ ಲೆಕ್ಕವೇ?

ಗುದ್ದಲಿ

ಎಲ್ಲ ಟೋಕನ್ ಷೇರುಗಳೂ ಹೊರಗೆ ಬರುವುದಿಲ್ಲ ಎಂಬುದನ್ನು ಇಲ್ಲಿ ಓದುವ ಉಳಿದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ರಾಬಿನ್‌ಹುಡ್ ಎಂಬ ಬ್ರೋಕರ್ ಕಂಪನಿ 2025ರ ಜೂನ್‌ನಲ್ಲಿ ಯುರೋಪಿನ ಗ್ರಾಹಕರಿಗೆ ಕೊಟ್ಟ ಸ್ಟಾಕ್ ಟೋಕನ್‌ಗಳು ಆರ್ಬಿಟ್ರಂ ಚೈನ್ ಮೇಲೇ ಇದ್ದವು, ಆದರೂ ಶುರುವಿನಲ್ಲಿ ಅವನ್ನು ಹೊರಗಿನ ವಾಲೆಟ್‌ಗೆ ಕಳಿಸುವ ದಾರಿಯೇ ಇರಲಿಲ್ಲ. ಅದೇ ತಿಂಗಳ ಕೊನೆಗೆ ಬಂದ ಎಕ್ಸ್‌ಸ್ಟಾಕ್ಸ್ ಹಾಗಲ್ಲ, ಹೊರಗೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೇಲೆ ಬಂದ, ಓಂಡೋ ಎಂಬ ಇನ್ನೊಂದು ಸಂಸ್ಥೆಯ ಟೋಕನ್‌ಗಳೂ ಬರುತ್ತವೆ. ನಿಮ್ಮ ಪುಟದಲ್ಲಿ ವಿತ್‌ಡ್ರಾ ಗುಂಡಿ ಕಾಣುತ್ತಿದೆ ಅಂದರೆ ಆ ಚಿಂತೆ ನಿಮಗಿಲ್ಲ.

ಇನ್ನು ನೆಟ್‌ವರ್ಕ್. ಯಾವುದು ಅಗ್ಗ ಅನ್ನುವುದಕ್ಕಿಂತ ಮುಂದೆ ಮಾರುವುದು ಎಲ್ಲಿ ಅನ್ನುವುದನ್ನು ನೋಡಿ. ನೀವು ಅದೇ ಎಕ್ಸ್‌ಚೇಂಜ್‌ಗೆ ವಾಪಸ್ ಕಳಿಸಿ ಮಾರುವವರಾದರೆ ಅದರ ಡೆಪಾಸಿಟ್ ಪುಟ ತೆರೆಯಿರಿ, ವಿತ್‌ಡ್ರಾ ಪುಟವಲ್ಲ. ಕೆಲವು ಕಡೆ ಎರಡು ನೆಟ್‌ವರ್ಕ್‌ಗೆ ಕಳಿಸುತ್ತಾರೆ, ತೆಗೆದುಕೊಳ್ಳುವುದು ಒಂದರಲ್ಲಿ ಮಾತ್ರ. ಎಕ್ಸ್‌ಸ್ಟಾಕ್ಸ್ ಮೊದಲು ಬಂದದ್ದೇ ಸೊಲಾನಾ ಮೇಲೆ. ನಿಮ್ಮ ಟೋಕನ್, ನಿಮ್ಮ ವಾಲೆಟ್ ಎರಡಕ್ಕೂ ಅದೇ ಸಲೀಸು. ಎಥೀರಿಯಂ ಆರಿಸಿದರೆ ಮುಂದೆ ಒಂದೊಂದು ವರ್ಗಾವಣೆಗೂ ಗ್ಯಾಸ್ (ಶುಲ್ಕ ಎಣಿಸುವ ಘಟಕ) ತಗಲುತ್ತದೆ, ಮಾಮೂಲಿ ಟೋಕನ್‌ಗೆ ಸುಮಾರು 50ರಿಂದ 65 ಸಾವಿರ. ಗ್ಯಾಸ್ ಬೆಲೆ 10 ಗ್ವೈ (ಈಥರ್‌ನ ನೂರು ಕೋಟಿಯಲ್ಲೊಂದು ಭಾಗ ಒಂದು ಗ್ವೈ) ಇದ್ದ ದಿನ 60 ಸಾವಿರಕ್ಕೆ 0.0006 ಈಥರ್. ಸೊಲಾನಾದಲ್ಲಿ ಒಂದು ಸಹಿಗೆ ಮೂಲ ಶುಲ್ಕ 0.000005 ಸೋಲ್, ಅದರ ಮೇಲೆ ಬೇಗ ಸಾಗಲು ಕೊಡುವ ಚಿಲ್ಲರೆ ಪ್ರಿಯಾರಿಟಿ ಫೀ.

ಸೋಲ್ ಇಲ್ಲದಿದ್ದರೂ ಟೋಕನ್ ಬರುತ್ತದೆ. ಸೊಲಾನಾದಲ್ಲಿ ಒಂದೊಂದು ಟೋಕನ್‌ಗೂ ನಿಮ್ಮ ವಿಳಾಸದ ಕೆಳಗೆ ಪ್ರತ್ಯೇಕ ಟೋಕನ್ ಅಕೌಂಟ್ ತೆರೆಯಬೇಕು, ಅದಕ್ಕೆ ಸುಮಾರು 0.002 ಸೋಲ್ ಠೇವಣಿ ಇಡಬೇಕು. ಎಕ್ಸ್‌ಚೇಂಜ್‌ನಿಂದ ಬರುವಾಗ ಇದನ್ನು ಸಾಮಾನ್ಯವಾಗಿ ಕಳಿಸುವವರೇ ಕಟ್ಟುತ್ತಾರೆ. ಆದರೆ ವಾಪಸ್ ಕಳಿಸುವಾಗ ಸೋಲ್ ಸೊನ್ನೆ ಇದ್ದರೆ ಟೋಕನ್ ಕಣ್ಣೆದುರಿಗಿದ್ದರೂ ಅಲುಗಾಡಿಸಲಾಗದು. ಅದೂ ಬೆಲೆ ಕುಸಿಯುತ್ತಿರುವ ಹೊತ್ತಿನಲ್ಲೇ ಗೊತ್ತಾಗುವುದು! 0.03 ಸೋಲ್ ಮೊದಲೇ ಹಾಕಿಡಿ, ಬಹಳ ದಿನಕ್ಕೆ ಸಾಕು. ಮುಂದೊಂದು ದಿನ ಟೋಕನ್ ಪೂರ್ತಿ ಖಾಲಿ ಮಾಡಿ ಆ ಟೋಕನ್ ಅಕೌಂಟ್ ಮುಚ್ಚಿದರೆ ಠೇವಣಿ ನಿಮ್ಮ ವಾಲೆಟ್‌ಗೇ ಬರುತ್ತದೆ.

ಕೆಲಸದ ಕ್ರಮ ಹೀಗಿರಲಿ.

ಫ್ಯಾಂಟಮ್‌ನಲ್ಲಿ ಮೇಲುಗಡೆ ಯಾವ ಅಕೌಂಟ್ ಆಯ್ಕೆಯಾಗಿದೆ ನೋಡಿ. ಆ್ಯಪ್ ಹಾಕಿದಾಗ ತಾನಾಗಿ ಹುಟ್ಟುವ ಮೊದಲ ಅಕೌಂಟ್‌ನ ಕೀ ಫೋನ್‌ನಲ್ಲೇ ಇರುತ್ತದೆ. ಹಾರ್ಡ್‌ವೇರ್ ವಾಲೆಟ್‌ನದು ಅದರ ಕೆಳಗೆ ಬೇರೆ ಅಕೌಂಟ್ ಆಗಿ ಸೇರಿರುತ್ತದೆ. ಹಾರ್ಡ್‌ವೇರ್ ಕೊಂಡೂ ಫೋನ್ ವಾಲೆಟ್‌ಗೆ ಹಣ ಸುರಿಯುವುದು ಇಲ್ಲೇ. ಹಾರ್ಡ್‌ವೇರ್ ಪರದೆಯ ಮೇಲೆ ವಿಳಾಸ ತೋರಿಸಿ, ಕಂಪ್ಯೂಟರಿನಲ್ಲಿರುವುದರ ಜತೆ ಮೊದಲಿಂದ ಕೊನೆತನಕ ಹೋಲಿಸಿ. ಮೊದಲ ನಾಲ್ಕು, ಕೊನೆಯ ನಾಲ್ಕು ಸಾಲದು. ಕಾರಣ ಕೆಳಗೆ ಯಾರಾದರೂ ಬರೆಯುತ್ತಾರೆ ಅಂದುಕೊಂಡಿದ್ದೇನೆ.

ಆಮೇಲೆ ಎಕ್ಸ್‌ಚೇಂಜ್‌ನ ಅಡ್ರೆಸ್ ಬುಕ್‌ಗೆ ಆ ವಿಳಾಸ ಸೇರಿಸಿ, ಪಟ್ಟಿಯಲ್ಲಿರುವ ವಿಳಾಸಕ್ಕೆ ಮಾತ್ರ ಕಳಿಸುವ ವೈಟ್‌ಲಿಸ್ಟ್ ಆನ್ ಮಾಡಿ. ಹೊಸ ವಿಳಾಸಕ್ಕೆ ಬಹಳ ಕಡೆ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡೆ ಇರುತ್ತದೆ. ಅವಸರ ಪಡಬೇಡಿ, ಖಾತೆಗೆ ಕನ್ನ ಬಿದ್ದರೆ ಉಳಿಸುವುದು ಅದೇ ತಡೆ. ಎರಡನೇ ಹಂತದ ದೃಢೀಕರಣ ಎಸ್‌ಎಂಎಸ್‌ನಲ್ಲಿದ್ದರೆ ಅಥೆಂಟಿಕೇಟರ್ ಆ್ಯಪ್‌ಗೋ ಪಾಸ್‌ಕೀಗೋ ಬದಲಿಸಿ. ಇದನ್ನು ಮೊದಲೇ ಮಾಡಿ ಮುಗಿಸಿ, ಯಾಕೆಂದರೆ ಬದಲಿಸಿದ ಮೇಲೂ ಕೆಲವು ಕಡೆ ವಿತ್‌ಡ್ರಾ ಒಂದೆರಡು ದಿನ ನಿಲ್ಲುತ್ತದೆ.

ನಂತರ ಪರೀಕ್ಷೆಯ ಮೊತ್ತ. ಇದು ಎಷ್ಟಿರಬೇಕು ಎಂಬುದನ್ನು ಹೇಳುವುದು ಮೂರು ಸಂಖ್ಯೆಗಳು: ವಿತ್‌ಡ್ರಾದ ಕನಿಷ್ಠ ಮಿತಿ, ವಿತ್‌ಡ್ರಾ ಫೀ, ಡೆಪಾಸಿಟ್‌ನ ಕನಿಷ್ಠ ಮಿತಿ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಉದಾಹರಣೆಗೆ ವಿತ್‌ಡ್ರಾ ಕನಿಷ್ಠ 0.02, ಫೀ 0.005, ಡೆಪಾಸಿಟ್ ಕನಿಷ್ಠ 0.03 ಇದೆ ಅನ್ನಿ. 0.02 ಕಳಿಸಿದರೆ ಬರುವುದು 0.015, ಅದನ್ನು ವಾಪಸ್ ಕಳಿಸಿದರೆ ಮಿತಿಗಿಂತ ಕಡಿಮೆ ಎಂದು ಖಾತೆಗೆ ಜಮೆಯೇ ಆಗದು. 0.1 ಕಳಿಸಿ, ಬಂದ 0.095ರಲ್ಲಿ 0.04 ವಾಪಸ್ ಕಳಿಸಿ ಜಮೆಯಾಯಿತೇ ನೋಡಿ. ಹೋಗುವ ದಾರಿ ಮಾತ್ರ ಪರೀಕ್ಷಿಸಿ ನಿಲ್ಲಿಸಿದರೆ ಅರ್ಧ ಪರೀಕ್ಷೆಯೇ ಆಗಿದ್ದು. ವಾಪಸ್ ಬಂತು, ಹಾರ್ಡ್‌ವೇರ್‌ನಲ್ಲಿ ಸಹಿಯೂ ಸರಿಯಾಗಿ ಆಯಿತು ಅಂದ ಮೇಲೆ ಉಳಿದದ್ದನ್ನು ಕಳಿಸಿ. ಫೀ ಟೋಕನ್‌ನಲ್ಲೇ, ಒಂದೇ ದರದಲ್ಲಿ ಕತ್ತರಿಸುವ ಕಡೆ ಉಳಿದದ್ದನ್ನು ಚೂರುಚೂರು ಮಾಡಿ ಕಳಿಸಬೇಡಿ, ಪ್ರತಿ ಸಲವೂ ಫೀ.

ಸೀಡ್ ಫ್ರೇಸ್‌ನಿಂದ (ವಾಲೆಟ್ ಮರಳಿ ಪಡೆಯಲು ಬರೆದಿಟ್ಟ ಗುಪ್ತ ಪದಗಳ ಸಾಲು) ವಾಲೆಟ್ ಮರಳಿ ತರುವ ಪರೀಕ್ಷೆಯನ್ನೂ ಈ ಚಿಕ್ಕ ಮೊತ್ತ ಮಾತ್ರ ಇರುವಾಗಲೇ ಮಾಡಿ ಮುಗಿಸಿ.

ಅರೆಗಣ್ಣು

ಗುದ್ದಲಿ ಸರ್ ಬಿಟ್ಟ ಜಾಗದಿಂದ ಮುಂದುವರಿಸುತ್ತೇನೆ.

ಮೊದಲ-ಕೊನೆಯ ನಾಲ್ಕು ಅಕ್ಷರ ನೋಡಿದರೆ ಯಾಕೆ ಸಾಲದು ಅಂದರೆ, ಅದೇ ಮೊದಲು-ಕೊನೆ ಬರುವ ವಿಳಾಸವನ್ನು ಕಂಪ್ಯೂಟರಿನಿಂದ ಹುಟ್ಟಿಸುವುದು ಸುಲಭ. ನಿಮ್ಮ ವಿಳಾಸಕ್ಕೆ ಟೋಕನ್ ಬಂದದ್ದು ಎಲ್ಲರಿಗೂ ಕಾಣುತ್ತದೆ. ಕಳ್ಳರ ಸ್ಕ್ರಿಪ್ಟ್ ಕೂಡಲೇ ಅಂಥದೇ ರೂಪದ ವಿಳಾಸದಿಂದ ಧೂಳಿನಷ್ಟು ಮೊತ್ತ ಕಳಿಸಿ ನಿಮ್ಮ ಹಿಸ್ಟರಿಯಲ್ಲಿ ಕೂತುಬಿಡುತ್ತದೆ. ಮುಂದಿನ ಸಲ ನೀವು ಹಿಸ್ಟರಿಯಿಂದ ಕಾಪಿ ಮಾಡುತ್ತೀರಿ ಎಂಬುದೇ ಅವರ ಎಣಿಕೆ. 2024ರ ಮೇ ತಿಂಗಳಲ್ಲಿ ಒಂದೇ ವಾಲೆಟ್‌ನಿಂದ 1155 ವ್ರ್ಯಾಪ್ಡ್ ಬಿಟ್‌ಕಾಯಿನ್ (ಎಥೀರಿಯಂ ಮೇಲಿನ ಬಿಟ್‌ಕಾಯಿನ್ ರೂಪದ ಟೋಕನ್) ಹೀಗೇ ಹೋಯಿತು, ಆಗಿನ ಬೆಲೆಯಲ್ಲಿ 6.8 ಕೋಟಿ ಡಾಲರ್ ಆಸುಪಾಸು. ಅದು ಬಹುಪಾಲು ವಾಪಸ್ ಬಂದದ್ದು ಅಪರೂಪದಲ್ಲಿ ಅಪರೂಪ. ಹಾಗಾಗಿ ಹಿಸ್ಟರಿಯಿಂದ ಕಾಪಿ ಮಾಡುವ ಅಭ್ಯಾಸವನ್ನೇ ಬಿಡಿ. ವಿಳಾಸ ತೆಗೆದುಕೊಳ್ಳುವುದು ಎರಡೇ ಕಡೆಯಿಂದ, ಹಾರ್ಡ್‌ವೇರ್ ಪರದೆಗೆ ತಾಳೆ ಹಾಕಿದ ಅಡ್ರೆಸ್ ಬುಕ್, ಇಲ್ಲವೇ ಆ ಕ್ಷಣ ತೆರೆದ ಡೆಪಾಸಿಟ್ ಪುಟ.

ಸೊಲಾನಾ ವಿಳಾಸದಲ್ಲಿ ಇನ್ನೊಂದು ಬಲೆ ಇದೆ. ಎಕ್ಸ್‌ಪ್ಲೋರರ್‌ನಲ್ಲಿ (ಚೈನ್ ಮೇಲಿನ ವಹಿವಾಟು ತೋರಿಸುವ ಜಾಲತಾಣ) ನಿಮ್ಮ ವಾಲೆಟ್ ವಿಳಾಸ, ಟೋಕನ್ ಅಕೌಂಟ್ ವಿಳಾಸ, ಟೋಕನ್‌ನ ಮಿಂಟ್ ವಿಳಾಸ (ಆ ಬಗೆಯ ಟೋಕನ್‌ನದೇ ಗುರುತು) ಮೂರೂ ಒಂದೇ ಥರ ಕಾಣುತ್ತವೆ: 32ರಿಂದ 44 ಅಕ್ಷರಗಳ ಸಾಲು. ವಿತ್‌ಡ್ರಾ ಪುಟಕ್ಕೆ ಹಾಕಬೇಕಾದದ್ದು ವಾಲೆಟ್ ವಿಳಾಸ. ಮಿಂಟ್ ವಿಳಾಸ ಹಾಕಿದರೆ, ಅದನ್ನು ತಡೆಯುವ ಜಾಣತನ ಎದುರಿನ ವ್ಯವಸ್ಥೆಗಿಲ್ಲದಿದ್ದರೆ, ಟೋಕನ್ ಯಾರ ಕೀಗೂ ಸಿಗದ ಕಡೆ ಹೋಗಿ ಕೂರುತ್ತದೆ. ಹಾಗಾಗಿ ವಿಳಾಸಕ್ಕಾಗಿ ಎಕ್ಸ್‌ಪ್ಲೋರರ್ ತೆರೆಯಲೇಬೇಡಿ, ಅದು ನೋಡುವುದಕ್ಕೆ ಮಾತ್ರ.

ಹಾಗಾದರೆ ಎಕ್ಸ್‌ಪ್ಲೋರರ್‌ನಲ್ಲಿ ನೋಡಬೇಕಾದ್ದೇನು? ಬಂದ ಟೋಕನ್‌ನ ಮಿಂಟ್ ವಿಳಾಸ, ಟೋಕನ್ ಹೊರಡಿಸಿದ ಸಂಸ್ಥೆಯ ಸ್ವಂತ ಜಾಲತಾಣದಲ್ಲಿರುವುದಕ್ಕೆ ಪೂರ್ತಿ ಹೊಂದುತ್ತದೆಯೇ ಅಂತ. ಹೆಸರು, ಲೋಗೋ, ಚಿಹ್ನೆ ಯಾವುದಕ್ಕೂ ಬೆಲೆಯಿಲ್ಲ, ಟೆಸ್ಲಾ ಹೆಸರಿನ ಟೋಕನ್ ಯಾರು ಬೇಕಾದರೂ ಐದು ನಿಮಿಷದಲ್ಲಿ ಮಾಡಬಹುದು. ಎಕ್ಸ್‌ಸ್ಟಾಕ್ಸ್‌ನ ಸೊಲಾನಾ ಮಿಂಟ್‌ಗಳು ಎಕ್ಸ್, ಎಸ್ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಅದನ್ನೇ ನೆಚ್ಚಿಕೊಂಡವರನ್ನು ಯಾಮಾರಿಸುವುದೂ ಸುಲಭವೇ. ಒಂದೇ ಕಂಪನಿಯ ಷೇರಿಗೆ ಎಕ್ಸ್‌ಸ್ಟಾಕ್ಸ್‌ನದು ಒಂದು, ಓಂಡೋದ್ದು ಇನ್ನೊಂದು ಟೋಕನ್ ಇರುತ್ತದೆ. ಎರಡೂ ಅಸಲಿ, ಆದರೆ ಒಂದರ ಬದಲು ಇನ್ನೊಂದು ನಡೆಯದು. ಒಬ್ಬರದನ್ನು ಮಾತ್ರ ತೆಗೆದುಕೊಳ್ಳುವ ಎಕ್ಸ್‌ಚೇಂಜ್‌ಗೆ ಇನ್ನೊಬ್ಬರದನ್ನು ಕಳಿಸಿದರೆ ಜಮೆಯಾಗದು, ಆಮೇಲೆ ಸಪೋರ್ಟ್‌ನವರ ಬೆನ್ನು ಹತ್ತುವುದೇ ಕೆಲಸ.

ನೀವು ತರಿಸಿಕೊಳ್ಳದ ಟೋಕನ್, ಚಿತ್ರ, "ನಿಮ್ಮ ಡಿವಿಡೆಂಡ್ ಪಡೆಯಿರಿ" ಎಂಬ ಲಿಂಕ್ ವಾಲೆಟ್‌ನಲ್ಲಿ ಕಂಡರೆ ಮುಟ್ಟಬೇಡಿ, ಮರೆಮಾಡಿ. ಈ ಟೋಕನ್‌ಗಳ ಡಿವಿಡೆಂಡ್‌ಗೆ ನೀವು ಎಲ್ಲೂ ಕ್ಲೇಮ್ ಮಾಡಬೇಕಾಗಿಲ್ಲ.

ಇನ್ನೊಂದು ಮಾತು, ಫಾರ್ಮ್ ಬಗ್ಗೆ. ವಿತ್‌ಡ್ರಾ ಮಾಡುವಾಗ ವಾಲೆಟ್ ಯಾರದು ಅಂತ ಕೇಳುತ್ತಾರೆ. ಯುರೋಪ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 30ರಿಂದ, ಮೊತ್ತ 1000 ಯೂರೋ ಮೀರಿದರೆ ಸ್ವಂತ ವಾಲೆಟ್ ನಿಮ್ಮದೇ ಎಂದು ಎಕ್ಸ್‌ಚೇಂಜ್ ಖಾತರಿ ಮಾಡಿಕೊಳ್ಳಲೇಬೇಕು. ಅದಕ್ಕೆ ಒಂದು ಸಂದೇಶಕ್ಕೆ ಸಹಿ ಹಾಕಿಸುತ್ತಾರೆ, ಇಲ್ಲವೇ ಚಿಕ್ಕ ಮೊತ್ತ ಕಳಿಸಲು ಹೇಳುತ್ತಾರೆ. ಸಂದೇಶಕ್ಕೆ ಸಹಿ ಬೇರೆ, ವಹಿವಾಟಿಗೆ ಸಹಿ ಬೇರೆ. "ವಾಲೆಟ್ ದೃಢೀಕರಣ" ಎಂಬ ಪುಟ ಟೋಕನ್ ವರ್ಗಾವಣೆಗೋ ಅಪ್ರೂವ್‌ಗೋ (ನಿಮ್ಮ ಟೋಕನ್ ಸಾಗಿಸಲು ಬೇರೆಯವರಿಗೆ ಕೊಡುವ ಅನುಮತಿ) ಸಹಿ ಕೇಳಿದರೆ ಅಲ್ಲೇ ಬಿಟ್ಟು ಎದ್ದುಬಿಡಿ. ಸೀಡ್ ಫ್ರೇಸ್ ಕೇಳುವ ಪುಟದ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಮಿಂಚುಳ್ಳಿ

ಇಬ್ಬರಿಗೂ ಧನ್ಯವಾದ. ಸೊಲಾನಾದಲ್ಲೇ ಇಟಿಎಫ್ ಟೋಕನ್ ಪರೀಕ್ಷೆಗೆ ಕಳಿಸಿದೆ, ಮಿಂಟ್ ವಿಳಾಸ ತಾಳೆಯಾಯಿತು. ಆದರೆ ಲೆಕ್ಕ ಹೊಂದುತ್ತಿಲ್ಲ. ಫೀ ಕಳೆದು ಬರಬೇಕಾದದ್ದು 0.1, ಫ್ಯಾಂಟಮ್‌ನಲ್ಲಿ 0.1 ಅಂತಲೇ ಇದೆ. ಇನ್ನೊಂದು ವಾಲೆಟ್ ಆ್ಯಪ್‌ನಲ್ಲಿ ಅದೇ ವಿಳಾಸ ಹಾಕಿ ನೋಡಿದರೆ 0.09961 ಅಂತಿದೆ. ಉಳಿದದ್ದು ಎಲ್ಲಿ ಹೋಯಿತು?

ಕಡತ77

ಎಲ್ಲೂ ಹೋಗಿಲ್ಲ. ಎರಡು ಆ್ಯಪ್ ಎರಡು ಬೇರೆ ಸಂಖ್ಯೆಗಳನ್ನು ತೋರಿಸುತ್ತಿವೆ ಅಷ್ಟೆ, ಮತ್ತು ಈ ವಿಷಯ ಗೊತ್ತಿಲ್ಲದೆ ಟೋಕನ್ ಷೇರು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಸೊಲಾನಾದ ಎಕ್ಸ್‌ಸ್ಟಾಕ್ಸ್ ಹಳೆಯ ಟೋಕನ್ ಪ್ರೋಗ್ರಾಂ ಮೇಲೆ ಇಲ್ಲ, ಟೋಕನ್-2022 ಎಂಬ ಹೊಸದರ ಮೇಲಿದೆ. ಅದರಲ್ಲಿ ಸ್ಕೇಲ್ಡ್ ಯುಐ ಅಮೌಂಟ್ ಎಂಬ ಸೌಲಭ್ಯ ಉಂಟು. ಚೈನ್ ಮೇಲೆ ಬರೆದಿರುವುದು ಕಚ್ಚಾ ಸಂಖ್ಯೆ. ಈ ಟೋಕನ್‌ಗಳಿಗೆ 8 ದಶಮಾಂಶ ಸ್ಥಾನ, ಅಂದರೆ ಒಂದು ಟೋಕನ್ ಎಂದರೆ ಕಚ್ಚಾ ಲೆಕ್ಕದಲ್ಲಿ 10,00,00,000. ಡಿವಿಡೆಂಡ್ ಬಂದಾಗ ಒಬ್ಬೊಬ್ಬರ ಖಾತೆಗೂ ಟೋಕನ್ ಹಂಚುತ್ತ ಕೂರುವ ಬದಲು, ಮಿಂಟ್‌ನಲ್ಲಿರುವ ಒಂದೇ ಒಂದು ಗುಣಕವನ್ನು ಏರಿಸುತ್ತಾರೆ. ವಾಲೆಟ್ ಕಚ್ಚಾ ಸಂಖ್ಯೆಗೆ ಆ ಗುಣಕ ಹೊಡೆದು ತೋರಿಸಬೇಕು. ನಿಮ್ಮದರಲ್ಲಿ 0.1 ಭಾಗಿಸು 0.09961 ಅಂದರೆ ಸುಮಾರು 1.0039. ಫ್ಯಾಂಟಮ್ ಗುಣಕ ಹಾಕಿ ತೋರಿಸುತ್ತಿದೆ, ಇನ್ನೊಂದು ಆ್ಯಪ್‌ಗೆ ಗುಣಕದ ಗೊಡವೆಯೇ ಇಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಮಿಂಟ್ ಪುಟ ತೆರೆದು ಎಕ್ಸ್‌ಟೆನ್ಷನ್ಸ್ ಭಾಗದಲ್ಲಿ ಮಲ್ಟಿಪ್ಲೈಯರ್ ನೋಡಿ, ಈ ಸಂಖ್ಯೆಯೇ ಸಿಗಬೇಕು. ಟೆಸ್ಲಾ ಡಿವಿಡೆಂಡ್ ಕೊಡುವ ಕಂಪನಿಯಲ್ಲ, ಹಾಗಾಗಿ ಅದರಲ್ಲಿ ಈ ವ್ಯತ್ಯಾಸ ನಿಮಗೆ ಕಾಣದು.

ಡಿವಿಡೆಂಡ್‌ನಲ್ಲಿ ಇದು ಪೈಸೆ ಲೆಕ್ಕ. ಷೇರು ವಿಭಜನೆಯಲ್ಲಿ ಹಾಗಲ್ಲ. 2025ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮಾಡಿದ ಹಾಗೆ ಒಂದಕ್ಕೆ ಹತ್ತು ವಿಭಜನೆ ಆಯಿತು ಅನ್ನಿ. ಗುಣಕ ಹತ್ತುಪಟ್ಟು ಏರಿದರೂ ಅದನ್ನು ಓದಲು ಬಾರದ ಆ್ಯಪ್ ಮೊದಲಿನಷ್ಟೇ ಟೋಕನ್ ತೋರಿಸುತ್ತದೆ, ಬೆಲೆ ಮಾತ್ರ ಹತ್ತನೇ ಒಂದಾಗಿರುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಗಾಬರಿಯಲ್ಲಿ ಮಾರುವುದು ಒಂದು ತಪ್ಪಾದರೆ, ಆ ಹೊತ್ತಿನಲ್ಲಿ "ಅಗ್ಗಕ್ಕೆ ಸಿಕ್ಕಿತು" ಅಂತ ಕೊಳ್ಳಲು ಹೋಗುವುದು ಇನ್ನೊಂದು. ವಿಭಜನೆ ಅಥವಾ ಡಿವಿಡೆಂಡ್ ದಿನದ ಸುತ್ತಮುತ್ತ ಎಕ್ಸ್‌ಚೇಂಜ್‌ಗಳು ಡೆಪಾಸಿಟ್, ವಿತ್‌ಡ್ರಾ ನಿಲ್ಲಿಸುವುದು ಸಾಮಾನ್ಯ. ನೀವೂ ಆ ದಿನಗಳಲ್ಲಿ ಸುಮ್ಮನಿದ್ದುಬಿಡಿ. ಕ್ಯಾಲೆಂಡರ್‌ನಲ್ಲಿ ಆ ಕಂಪನಿಯ ಎಕ್ಸ್-ಡೇಟ್ (ಆ ದಿನದಿಂದ ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗದು) ನೋಡಿಕೊಂಡೇ ದೊಡ್ಡ ಮೊತ್ತ ಸಾಗಿಸಿ.

ನಿಮ್ಮ ದಾಖಲೆಗೆ ಕಚ್ಚಾ ಸಂಖ್ಯೆ, ಅಂದಿನ ಗುಣಕ, ಟ್ರಾನ್ಸಾಕ್ಷನ್ ಸಿಗ್ನೇಚರ್ (ಆ ವಹಿವಾಟಿನ ಗುರುತು) ಮೂರನ್ನೂ ಬರೆದಿಡಿ. ಕಚ್ಚಾ ಸಂಖ್ಯೆ ನೀವು ಸಹಿ ಹಾಕದೆ ಬದಲಾಯಿತೆಂದರೆ ಮಾತ್ರ ಚಿಂತೆಯ ವಿಷಯ. ಓಂಡೋದ ಟೋಕನ್‌ಗಳ ಲೆಕ್ಕ ಬೇರೆ: ಅಲ್ಲಿ ಡಿವಿಡೆಂಡ್ ಬಂದರೆ ಟೋಕನ್ ಸಂಖ್ಯೆ ಹಾಗೇ ಇದ್ದು ಒಂದು ಟೋಕನ್‌ನ ಬೆಲೆ ಏರುತ್ತದೆ, ಹಾಗಾಗಿ ಕಾಲ ಕಳೆದಂತೆ ಒಂದು ಟೋಕನ್ ಒಂದು ಷೇರಿಗಿಂತ ತುಸು ಹೆಚ್ಚು ಬಾಳುತ್ತದೆ.

ಈಗ ನಿಮ್ಮ ನಾಲ್ಕನೇ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕೀ ನಿಮ್ಮದಾಯಿತು, ಷೇರು ನಿಮ್ಮದಾಗಲಿಲ್ಲ. ಕಂಪನಿಯ ಷೇರುದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವುದಿಲ್ಲ, ಮತ ಹಾಕುವ ಹಕ್ಕಿಲ್ಲ. ಎಕ್ಸ್‌ಸ್ಟಾಕ್ಸ್ ಎಂದರೆ ಷೇರಿನ ಬೆಲೆಯನ್ನು ಹಿಂಬಾಲಿಸುವ ಪ್ರಮಾಣಪತ್ರ; ಹೊರಡಿಸಿರುವುದು ಜರ್ಸಿಯಲ್ಲಿ ನೋಂದಾಯಿತವಾದ ಬ್ಯಾಕ್ಡ್ ಅಸೆಟ್ಸ್, ಷೇರು ಇರುವುದು ಅದನ್ನು ಕಾಪಿಡುವ ಕಸ್ಟೋಡಿಯನ್ ಸಂಸ್ಥೆಯ ಬಳಿ. ವಾಲೆಟ್‌ಗೆ ತಂದಾಗ ಎಕ್ಸ್‌ಚೇಂಜ್ ಮುಳುಗುವ ಅಪಾಯ ಕಳಚಿಕೊಂಡಿತು, ಹೊರಡಿಸಿದವರ ಅಪಾಯ ಹಾಗೇ ಉಳಿಯಿತು, ಜತೆಗೆ ನಿಮ್ಮ ಕೈತಪ್ಪಿನ ಅಪಾಯ ಹೊಸದಾಗಿ ಸೇರಿತು. ಮಿಂಟ್ ಪುಟದ ಎಕ್ಸ್‌ಟೆನ್ಷನ್ಸ್‌ನಲ್ಲೇ ಪರ್ಮನೆಂಟ್ ಡೆಲಿಗೇಟ್, ಪಾಸಬಲ್ (Pausable) ಎಂಬ ಸಾಲುಗಳನ್ನೂ ನೋಡುತ್ತೀರಿ. ಮೊದಲನೆಯದು ಇದ್ದವರು ನಿಮ್ಮ ಸಹಿ ಇಲ್ಲದೆಯೇ ನಿಮ್ಮ ಟೋಕನ್ ಸಾಗಿಸಬಹುದು, ಸುಡಬಹುದು. ಎರಡನೆಯದು ಇದ್ದವರು ಎಲ್ಲರ ವರ್ಗಾವಣೆಯನ್ನೂ ಒಟ್ಟಿಗೆ ನಿಲ್ಲಿಸಬಹುದು. ಕಾನೂನಿನ ಆದೇಶ ಪಾಲಿಸಲು ಇಂಥ ಕೀಲಿ ಇಟ್ಟುಕೊಂಡಿರುತ್ತಾರೆ. ಹಾರ್ಡ್‌ವೇರ್ ವಾಲೆಟ್ ಇದನ್ನು ತಡೆಯದು. ಬಿಟ್‌ಕಾಯಿನ್ ಇಟ್ಟ ಹಾಗೆಯೇ ಇದು ಅಂದುಕೊಂಡು ಎಲ್ಲವನ್ನೂ ಇಲ್ಲಿ ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ಗುದ್ದಲಿ

ಕಡತ ಸರ್ ಮಾತಿಗೆ ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ಟೋಕನ್-2022 ಎಂದರೆ ಕೆಟ್ಟದ್ದೇ ಅಲ್ಲ. ಅದರಲ್ಲಿ ತಾನಾಗಿ ತೆರೆಯುವ ಟೋಕನ್ ಅಕೌಂಟ್‌ನ ಒಡೆತನವನ್ನು ಬೇರೆಯವರಿಗೆ ಬದಲಿಸಲು ಬರುವುದಿಲ್ಲ, ಹಾಗಾಗಿ ಅಕೌಂಟನ್ನೇ ಬರೆಸಿಕೊಳ್ಳುವ ಹಳೆಯ ಮೋಸ ಇಲ್ಲಿ ನಡೆಯದು. ಅಪ್ರೂವ್ ಮೂಲಕ ಡೆಲಿಗೇಟ್ ಆಗಿಬಿಡುವ ಮೋಸ ಮಾತ್ರ ನಡೆಯುತ್ತದೆ. ಆದ್ದರಿಂದ ಬಹುಕಾಲ ಇಡುವ ವಿಳಾಸವನ್ನು ಟೋಕನ್ ಅದಲುಬದಲು ಮಾಡುವ ಯಾವ ಸ್ವಾಪ್ ತಾಣಕ್ಕೂ, ಸಾಲ ಕೊಡುವ ತಾಣಕ್ಕೂ ಕನೆಕ್ಟ್ ಮಾಡಬೇಡಿ. ಮಾರಬೇಕೆನಿಸಿದಾಗ ಬೇಕಾದಷ್ಟನ್ನು ಇನ್ನೊಂದು ವಿಳಾಸಕ್ಕೆ ಸಾಗಿಸಿ ಅಲ್ಲಿಂದ ವ್ಯವಹಾರ ಮಾಡಿ. ವಾರಾಂತ್ಯದಲ್ಲಿ ಡೆಕ್ಸ್‌ನಲ್ಲಿ (ಮಧ್ಯವರ್ತಿಯಿಲ್ಲದೆ ಚೈನ್ ಮೇಲೇ ನಡೆಯುವ ಎಕ್ಸ್‌ಚೇಂಜ್) ಮಾರುವುದನ್ನು ಆದಷ್ಟು ತಪ್ಪಿಸಿ. ಷೇರುಪೇಟೆ ಮುಚ್ಚಿರುವಾಗ ಬೆಲೆಗೆ ಲಂಗರು ಇರುವುದಿಲ್ಲ, ಅಲ್ಲಿ ವ್ಯಾಪಾರಕ್ಕಿಟ್ಟ ಟೋಕನ್-ಹಣದ ಪೂಲ್ ತೆಳುವಾಗಿದ್ದರೆ ಆರು ಟೋಕನ್ ಮಾರಿದರೂ ಬೆಲೆ ಜಾರುತ್ತದೆ.

ಹಾರ್ಡ್‌ವೇರ್ ಪರದೆಯ ಮೇಲೆ ವರ್ಗಾವಣೆಯ ಮೊತ್ತ, ವಿಳಾಸ ಕಾಣದೆ ಬರೀ ಹ್ಯಾಶ್ (ಓದಿದರೆ ಅರ್ಥವಾಗದ ಅಕ್ಷರಗಳ ಸಾಲು) ಕಂಡರೆ ಅದು ಕಣ್ಣುಮುಚ್ಚಿ ಸಹಿ ಹಾಕಿದಂತೆ. ಸೊಲಾನಾ ಆ್ಯಪ್, ಫರ್ಮ್‌ವೇರ್ ಎರಡನ್ನೂ ಅಪ್‌ಡೇಟ್ ಮಾಡಿ ಮತ್ತೆ ಪ್ರಯತ್ನಿಸಿ; ಚಿಕ್ಕ ಮೊತ್ತ ಇರುವಾಗಲೇ ಇದು ಗೊತ್ತಾಗಲಿ.

ಮಿಂಚುಳ್ಳಿ

0.04 ವಾಪಸ್ ಜಮೆಯಾಯಿತು, ಪರದೆಯಲ್ಲಿ ಮೊತ್ತ-ವಿಳಾಸ ಎರಡೂ ಕಂಡವು. ಆದರೆ ಸೀಡ್ ಫ್ರೇಸ್ ಪರೀಕ್ಷೆಗೆ ಇನ್ನೊಂದು ಹಾರ್ಡ್‌ವೇರ್‌ನಲ್ಲಿ 24 ಪದ ಹಾಕಿದರೆ ಬ್ಯಾಲೆನ್ಸ್ ಸೊನ್ನೆ, ವಿಳಾಸವೂ ಬೇರೆ. ಪದ ತಪ್ಪಾಗಿದೆಯೇ?

ಅರೆಗಣ್ಣು

ಪದ ತಪ್ಪಿದ್ದರೆ ಬಹುಮಟ್ಟಿಗೆ ಅಲ್ಲೇ ತಿರಸ್ಕಾರವಾಗುತ್ತಿತ್ತು. 2048 ಪದಗಳ ಪಟ್ಟಿಯಿಂದ ಆರಿಸುವ ಈ ಫ್ರೇಸ್‌ನ ಕೊನೆಯ ಪದದಲ್ಲಿ ತಪ್ಪು ಪತ್ತೆಹಚ್ಚುವ ಚೆಕ್‌ಸಮ್ ಅಡಗಿರುತ್ತದೆ. ಅದು ಒಪ್ಪಿಕೊಂಡಿದೆ ಅಂದರೆ ತೊಂದರೆ ಡೆರಿವೇಷನ್ ಪಾತ್‌ನದು. ಒಂದೇ ಫ್ರೇಸ್‌ನಿಂದ ಸೊಲಾನಾಗೆ ಕನಿಷ್ಠ ಮೂರು ದಾರಿಗಳಲ್ಲಿ ವಿಳಾಸ ಹುಟ್ಟುತ್ತದೆ: 44-501 ಅಷ್ಟೇ, 44-501-0, ಮತ್ತು 44-501-0-0. ಒಂದು ಆ್ಯಪ್ ಒಂದನ್ನು ಮೊದಲು ತೋರಿಸುತ್ತದೆ, ಇನ್ನೊಂದು ಆ್ಯಪ್ ಬೇರೆಯದನ್ನು. ಜೋಡಿಸುವ ಪರದೆಯಲ್ಲಿ ಪಾತ್ ಬದಲಿಸುವ ಪಟ್ಟಿ ಇರುತ್ತದೆ, ಒಂದೊಂದಾಗಿ ಆರಿಸಿ ನೋಡಿ. ಮೊದಲ ಸಾಧನದಲ್ಲಿ 25ನೇ ಪದ ಎನ್ನುವ ಪಾಸ್‌ಫ್ರೇಸ್ ಹಾಕಿದ್ದರೆ ಅದೂ ಬೇಕು. ಅದರಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಯಾವ ಎಚ್ಚರಿಕೆಯೂ ಇಲ್ಲದೆ ಬೇರೆಯೇ ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ.

ಮಿಂಚುಳ್ಳಿ

44-501-0 ಆರಿಸಿದಾಗ ಅದೇ ವಿಳಾಸ ಬಂತು. ಪಾತ್ ಅನ್ನೂ ಕಾಗದದ ಮೇಲೆ ಬರೆದಿಟ್ಟೆ. ಇಟಿಎಫ್‌ನ ಎಕ್ಸ್-ಡೇಟ್ ಕಳೆದ ಮೇಲೆ ಉಳಿದದ್ದನ್ನು ಎರಡು ಕಂತಿನಲ್ಲಿ ಕಳಿಸುತ್ತೇನೆ.